ಹನ್ನೊಂದನೇ ತಿಂಗಳಲ್ಲಿ ಪತ್ತೆ

ಪೊಲೀಸರಿಗೆ ಅಂಕ ಕೊಡುವುದು ನನ್ನ ಕೆಲಸ. ಯಾವ ಠಾಣೆ ಎಷ್ಟು ಚುರುಕು ಎಂದು ವರ್ಷಕ್ಕೊಮ್ಮೆ ಪಟ್ಟಿ ಮಾಡುವ ಕಚೇರಿಯಲ್ಲಿ ಇದ್ದೇನೆ. ಎಲ್ಲರ ತಪ್ಪು ಎಣಿಸುವವಳೆಂದು ನನಗೆ ‘ಮೇಷ್ಟ್ರು’ ಅಂತ ಅಡ್ಡಹೆಸರಿಟ್ಟವನು ನನ್ನ ತಮ್ಮ. ಔಷಧಿ ಅಂಗಡಿಗೆ ಹೋಗಿಬರುತ್ತೇನೆ ಎಂದು ಹೊರಟವನು ಹನ್ನೊಂದು ತಿಂಗಳಾದರೂ ಮನೆಗೆ ಬಂದಿರಲಿಲ್ಲ.

ಈ ವರ್ಷ ನಾನೇ ಒಂದು ಹೊಸ ನಿಯಮ ಸೇರಿಸಿದ್ದೆ. ಕಾಣೆಯಾದವರ ದೂರು ವರ್ಷ ದಾಟಿದರೆ ಠಾಣೆಗೆ ಐದಂಕ ಖೋತಾ. ಮೂಗು ಹಿಡಿದರೆ ಬಾಯಿ ತಾನಾಗಿ ಬಿಡುತ್ತದೆ, ಆಗಲಾದರೂ ಈ ಮಹಾರಾಯರು ಕುರ್ಚಿ ಬಿಟ್ಟೆದ್ದು ಹುಡುಕಲಿ ಎಂದು. ತಮ್ಮನಿಗಾಗಿಯೇ ಮಾಡಿದ್ದು, ಸುಳ್ಳೇಕೆ ಹೇಳಲಿ.

ಇವತ್ತು ಬೆಳಿಗ್ಗೆ ನಮ್ಮ ಬಡಾವಣೆಯ ಠಾಣೆಯ ವರದಿ ತೆರೆದೆ. ಈ ಸಲ ಅದೇ ಮೊದಲ ಸ್ಥಾನದಲ್ಲಿತ್ತು. ಮೂವತ್ತೆರಡನೇ ಸಾಲಿನಲ್ಲಿ ತಮ್ಮನ ದೂರಿನ ಸಂಖ್ಯೆ, ನನಗದು ಬಾಯಿಪಾಠ. ಅದರ ಮುಂದೆ ಒಂದೇ ಪದ: ‘ಪತ್ತೆ’.

ಹಿಂದುಮುಂದು ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಅಮ್ಮನಿಗೆ ಫೋನ್ ಮಾಡಿ, “ಸಿಕ್ಕಿದಾನಮ್ಮಾ! ಠಾಣೆಗೆ ಬಾ!” ಎಂದು ಕಿರುಚಿದೆ. ಆ ಕಡೆಯಿಂದ ಬಾಗಿಲಿಗೆ ಬೀಗ ಹಾಕುವ ಸದ್ದು ಕೇಳಿಸಿತು.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಒಬ್ಬರೇ ಇದ್ದರು. ಸಂಖ್ಯೆ ಹೇಳಿ, “ಎಲ್ಲಿ ಅವನು?” ಎಂದೆ.

ರಿಜಿಸ್ಟರ್ ಮೇಲೆ ಬೆರಳಾಡಿಸಿ, “ಇವರಾ? ಇವರು ಸಿಕ್ಕಿಲ್ವಲ್ಲಮ್ಮಾ,” ಎಂದರು.

“ಪತ್ತೆ ಅಂತ ಬರ್ದಿದೀರಲ್ಲ!”

“ಅದಾ? ವರ್ಷ ದಾಟಿದ್ರೆ ಐದಂಕ ಹೋಗುತ್ತೆ. ಅದಕ್ಕೇ ಹನ್ನೊಂದು ತಿಂಗಳಾದವನ್ನೆಲ್ಲ ಪತ್ತೆ ಅಂತ ಮುಗಿಸಿಬಿಟ್ವಿ. ಹದಿನೇಳಿದ್ವು. ಯಾವ ಪುಣ್ಯಾತ್ಮ ಮಾಡಿದ ರೂಲ್ಸೋ!”

ಹದಿನೇಳು ಮನೆ. ಯಾರೂ ಹುಡುಕುತ್ತಿಲ್ಲ, ಹುಡುಕುತ್ತಿಲ್ಲವೆಂದು ಆ ಮನೆಯವರಿಗೆ ಗೊತ್ತೂ ಇಲ್ಲ. ಆ ಪುಣ್ಯಾತ್ಮೆ ನಾನೇ ಎನ್ನಲು ನಾಲಿಗೆ ಏಳಲಿಲ್ಲ. “ಮತ್ತೆ ಓಪನ್ ಮಾಡಿ,” ಎಂದಷ್ಟೇ ಅಂದೆ.

“ಸಿಕ್ಕವರನ್ನ ಮತ್ತೆ ಹುಡುಕೋಕೆ ಕಂಪ್ಯೂಟರ್ ಒಪ್ಪಲ್ಲಮ್ಮಾ. ಹೊಸ ದೂರು ಕೊಡಿ. ಕಾಣೆಯಾದ ದಿನ ಮಾತ್ರ ಇವತ್ತಿಂದು ಹಾಕಿ. ಹಳೇದು ಹಾಕಿದ್ರೆ ಮುಂದಿನ ತಿಂಗಳೇ ಅಂಕ ಹೋಗುತ್ತೆ, ಸಾಹೇಬ್ರು ಮುಟ್ಟೋದೇ ಇಲ್ಲ.”

ಜಗಳವಾಡಬೇಕಿತ್ತು. ಆದರೆ ಬರೆಯದಿದ್ದರೆ ನನ್ನ ತಮ್ಮನನ್ನು ಹುಡುಕುವವರೇ ಇಲ್ಲ. ನಾಚಿಕೆ ಬಿಟ್ಟು ಇವತ್ತಿನ ತಾರೀಕು ಹಾಕಿ ಸಹಿ ಮಾಡಿದೆ.

ಅಷ್ಟರಲ್ಲಿ ಅಮ್ಮ ಏದುಸಿರು ಬಿಡುತ್ತ ಒಳಗೆ ಬಂದಳು. ಕೋಣೆಯ ಮೂಲೆಮೂಲೆ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದ ಕಿತ್ತುಕೊಂಡು ಓದಿದಳು.

“ಇವತ್ತು ಕಾಣೆಯಾದ್ನಾ?” ಎಂದವಳೇ ರೈಟರ್ ಕಡೆ ತಿರುಗಿದಳು. “ಹಾಗಾದ್ರೆ ನಿನ್ನೆವರೆಗೂ ಇಲ್ಲೇ ಇದ್ನಾ? ಹೊಟ್ಟೆಗೇನಾದ್ರೂ ಕೊಟ್ಟಿದ್ರಾ ನನ್ನ ಮಗನಿಗೆ?”