ವಿಷಬಳ್ಳಿ ಕಡಿದ ಕೈ

ವರ್ಜಿಲ್ ಅಜ್ಜ ಸತ್ತ ದಿನವೇ ಗುಡ್ಡದ ಮೇಲಿನ ನಮ್ಮ ಮನೆತನದ ಸ್ಮಶಾನಕ್ಕೆ ಹೋದೆ. ಅಜ್ಜಿಯ ಗೋರಿಯ ಪಕ್ಕದ ಜಾಗವನ್ನೆಲ್ಲ, ಸೋಕಿದರೆ ಮೈಮೇಲೆ ಗುಳ್ಳೆ ಏಳಿಸುವ ಮೂರೆಲೆಯ ವಿಷಬಳ್ಳಿ ನುಂಗಿಬಿಟ್ಟಿತ್ತು. ಕೆಂಟಕಿಯ ಈ ಕಣಿವೆಯಲ್ಲಿ ಗುಂಡಿಯನ್ನು ಮನೆಯವರೇ ತೋಡಬೇಕು. ಮನೆಯವರು ಅಂತ ಬಂದವನು ನಾನೊಬ್ಬನೇ. ಕೈಗವಸು ಹಾಕಿಕೊಂಡೇ ಬಳ್ಳಿ ಕಡಿದೆ. ಆದರೂ ಅದರ ಎಣ್ಣೆ ಮೊಣಕೈವರೆಗೂ ಹತ್ತಿತು. ತಕ್ಷಣ ತೊಳೆಯಬೇಕಿತ್ತು, ಅಲ್ಲಿ ನೀರಿರಲಿಲ್ಲ. ಗುಂಡಿ ತೋಡಿ ಮನೆಗಿಳಿದ ಮೇಲೆ ಪಾತ್ರೆ ಸೋಪು ಹಾಕಿ ಕೈ, ಬಟ್ಟೆ, ಗುದ್ದಲಿ ಎಲ್ಲ ತೊಳೆದೆ. ತಡವಾಗಿತ್ತು. ಮಣ್ಣು ಮಾಡುವ ದಿನ ಕೈತುಂಬ ನೀರುಗುಳ್ಳೆ, ಸಾಯುವಷ್ಟು ತುರಿಕೆ.

ಅಜ್ಜನ ಪೆಟ್ಟಿಗೆಗೆ ಹೆಗಲು ಕೊಡಲು ಹೋದರೆ ರಾಯ್ಸ್ ಚಿಕ್ಕಪ್ಪ ಅಡ್ಡ ನಿಂತ.

"ದೂರ ಇರಪ್ಪಾ. ನಮಗೂ ಅಂಟಿಸಬೇಡ."

"ಗುಳ್ಳೆ ನೀರು ಅಂಟಲ್ಲ ಚಿಕ್ಕಪ್ಪ. ಅಂಟೋದು ಬಳ್ಳಿ ಎಣ್ಣೆ. ಅದನ್ನ ತೊಳೆದಾಗಿದೆ. ಬೇಕಾದ್ರೆ ಕ್ಲಿನಿಕ್ಕಿನ ನರ್ಸನ್ನ ಕೇಳು."

"ಓಹೋ, ಒಂಬತ್ತನೇ ಕ್ಲಾಸು ಬಿಟ್ಟ ಡಾಕ್ಟ್ರು!" ಅಂದ ಅವನ ಮಗ ಡೆಂಟನ್. ಒಂದಿಬ್ಬರು ನಕ್ಕರು.

"ಗುಂಡಿ ತೋಡೋಕೆ ಬಾರೋ ಅಂದಾಗ ಎಲ್ಲಿ ಹಾಳಾಗಿ ಹೋಗಿದ್ದೆ?" ಅಂದೆ.

"ಸಾವಿನ ಹೊತ್ತಲ್ಲಿ ಜಗಳ ತೆಗೀಬೇಡ ಕಣೋ," ಅಂದ ಚಿಕ್ಕಪ್ಪ.

ನನ್ನನ್ನು ಬಿಟ್ಟು ಉಳಿದವರು ಹೊತ್ತರು. ನಾನು ಬೇಲಿಯ ಹತ್ತಿರ ನಿಂತೆ. ನನ್ನ ಪಕ್ಕ ಒಂದು ನರಪಿಳ್ಳೆಯೂ ನಿಲ್ಲಲಿಲ್ಲ. ಪ್ರಾರ್ಥನೆ ಮುಗಿದದ್ದೇ ತಡ, ಎಲ್ಲರೂ ಚರ್ಚಿನ ಊಟಕ್ಕೆ ಇಳಿದುಹೋದರು. ಮಣ್ಣು ಮುಚ್ಚುವ ಕೆಲಸಕ್ಕೆ ಮಾತ್ರ ನನ್ನ ಕೈ ಯಾರಿಗೂ ಅಡ್ಡಿಯಾಗಲಿಲ್ಲ. ಗುಳ್ಳೆಗಳು ಒಡೆದು ಉರಿಯುತ್ತಿದ್ದವು. ಆದರೂ ಹೆಂಟೆಗಳನ್ನೆಲ್ಲ ಪುಡಿಮಾಡಿ, ಮೆತ್ತಗಿನ ಮಣ್ಣನ್ನೇ ಅಜ್ಜನ ಮೇಲೆ ಹಾಕಿದೆ.