ಹೆಪ್ಪುಗಟ್ಟಿದ ಪದರ

ಒಟ್ಟು ದೋಷ ಸೊನ್ನೆ, ಸರಿಪಡಿಸಿದ್ದು ಸೊನ್ನೆ — ಪರದೆಯ ಅಡಿಯ ಸಾಲು ಮೂರನೇ ಸಲ ಇದನ್ನೇ ಹೇಳುತ್ತಿದೆ, ಹಾಳಾದ್ದು, ಬೇರೆ ದಿನವಾದರೆ ಕೇಳದಿದ್ದರೂ ಮುನ್ನೂರು ದೋಷ ಕಕ್ಕುತ್ತದೆ, ಇವತ್ತು ನನಗೆ ಒಂದೇ ಒಂದು ಬೇಕು ಅಂದಾಗ ಏನೂ ಅರಿಯದ ಮಗುವಿನ ಹಾಗೆ ಕೂತಿದೆ, ಗಡಿಯಾರದಲ್ಲಿ ಮೂರೂಕಾಲು, ಐದಕ್ಕೆ ಸಾಹೇಬರ ಮೇಜಿನ ಮೇಲೆ ವರದಿ ಇರಬೇಕು, ಕಾರ್ಖಾನೆಯ ಅಂಗಳ ಅಗೆಯಲು ಸೈಟಿಗೆ ಕಳಿಸಿದ ನಕ್ಷೆಯಲ್ಲಿ ನೆಲದಡಿಯ ಹಳೆ ನೀರಿನ ತೊಟ್ಟಿ ಯಾಕೆ ಇರಲಿಲ್ಲ ಅಂತ, ಅರ್ಧ ಪುಟ ಸಾಕಂತೆ, ನೋಡ್ರೀ ಡಾಕ್ಟ್ರೇ, ನಮ್ದು ಸಾಫ್ಟ್‌ವೇರ್ ಹೊಸ ವರ್ಷನ್ನು, ಸೈಟಿಂದು ಓಬೀರಾಯನ ಕಾಲದ್ದು, ಕಾಪಿ ಮಾಡುವಾಗ ಏನೋ ಬಿದ್ದುಹೋಗಿದೆ ಅಂತ ಬರೀರಿ, ಸಾಫ್ಟ್‌ವೇರ್ ಮೇಲೆ ಗೂಬೆ ಕೂರಿಸಿದ್ರೆ ಅದೇನು ಅಳತ್ತಾ — ಡಾಕ್ಟ್ರು ಅಂದರೆ ನಾನು, ಕಾಪಿ ಡಾಕ್ಟ್ರು, ಇಪ್ಪತ್ತೆರಡು ವರ್ಷದಿಂದ ಈ ಕಚೇರಿಯ ನಕ್ಷೆಗಾರ, ಒಂದು ಫೈಲಿನ ಗೆರೆಗಳು ಇನ್ನೊಂದಕ್ಕೆ ಹೋಗಲ್ಲ ಅಂತ ಹಟ ಹಿಡಿದರೆ ಮಹಡಿಯಿಂದ ಮಹಡಿಗೆ ನನ್ನನ್ನೇ ಕರೆಯುತ್ತಾರೆ, ಹೋಗಿ ನಾಡಿ ಹಿಡಿಯುತ್ತೇನೆ, ಇಂಚಿನಲ್ಲಿ ಬರೆದದ್ದನ್ನು ಮಿಲಿಮೀಟರಿನ ಹಾಳೆಗೆ ಅಂಟಿಸಿ ಇಡೀ ಆಸ್ಪತ್ರೆ ಬೆಂಕಿಪೊಟ್ಟಣದಷ್ಟಾಗಿ ಕೂತಿದ್ದನ್ನು ನೋಡಿದ್ದೇನೆ, ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಯಾದದ್ದನ್ನು ನೋಡಿದ್ದೇನೆ, ಒಂದು ಮೆಟ್ಟಿಲು ನಕ್ಷೆಯಲ್ಲೇ ನಲವತ್ತು ಕಿಲೋಮೀಟರ್ ಆಚೆ ಹೋಗಿ ಬಿದ್ದಿತ್ತು, ಅಯ್ಯೋ ಸರ್ ಅಂಟಿಸಿದ್ದು ಎಲ್ಲೂ ಇಲ್ಲ ಅಂತ ಹೊಸದಾಗಿ ಸೇರಿದ್ದ ಹುಡುಗಿ ಅಳುವುದೊಂದು ಬಾಕಿ, ನಾನು ನಕ್ಕು ನಕ್ಕು ಹುಡುಕಿ ಕೊಟ್ಟಿದ್ದೆ. ಇವತ್ತು ಅಳತೆ ನೋಡಿದೆ, ಸರಿ ಇದೆ, ಅಕ್ಷರ ನೋಡಿದೆ, ಸರಿ ಇದೆ, ಕಸ ತೆಗೆದು ಮತ್ತೆ ಪರೀಕ್ಷೆ ಓಡಿಸಿದೆ, ಸೊನ್ನೆ, ಬೆಳಗಿನಿಂದ ಎಲ್ಲವನ್ನೂ ನೋಡಿದೆ, ಆ ಒಂದು ಪಟ್ಟಿಯನ್ನು ಬಿಟ್ಟು.

ಏಸಿ ಜಾಸ್ತಿ ಆಯಿತು, ರಿಮೋಟ್ ತೆಗೆದುಕೊಂಡೆ, ಅದರ ಪುಟ್ಟ ಕಿಟಕಿಯಲ್ಲಿ ಆರು ಎಸಳಿನ ಮಂಜಿನ ಹೂವು, ಅಲ್ಲೂ ನೀನೇನಾ ಮಹರಾಯ, ಮಗುಚಿ ಇಟ್ಟೆ, ಮನೆಯ ಫ್ರಿಜ್ಜಿನ ಬಾಗಿಲ ಮೇಲೂ ಇದೆ, ಒಂಬತ್ತು ದಿನದ ಹಿಂದೆ ಇವಳು ಅದಕ್ಕೇ ಹಣೆ ಒತ್ತಿ ನಿಂತಿದ್ದಳು, ಫೋನ್ ಇನ್ನೂ ಕಿವಿಯಲ್ಲೇ ಇತ್ತು, ರೀ, ತಮ್ಮನ ಗಾಡಿ ಮಗುಚಿತಂತೆ, ಕಾಲು ಸಿಕ್ಕಿಕೊಂಡಿದೆಯಂತೆ — ಅವಳ ಒಬ್ಬನೇ ತಮ್ಮ, ನನ್ನ ಭಾಮೈದ, ಮಣ್ಣು ಅಗೆಯುವ ಗಾಡಿಯ ಆಪರೇಟರ್, ಸೈಟ್ ಎಂಜಿನಿಯರಿಗೆ ಹೇಳಿ ಆ ಕೆಲಸ ಕೊಡಿಸಿದ್ದೂ ನಾನೇ, ನಮ್ಮ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ ಓದಲು ಕಲಿಸಿದ್ದೂ ನಾನೇ, ಇದು ಕಂಬ, ಇದು ಚರಂಡಿ, ಹೀಗೆ ಓರೆ ಗೆರೆ ತುಂಬಿದ್ದರೆ ಕೆಳಗೆ ಟೊಳ್ಳು ಇದೆ ಅಂತ ಅರ್ಥ, ಅಲ್ಲಿಗೆ ಚಕ್ರ ಹತ್ತಿಸಬೇಡ, ಸರಿ ಭಾವ ಅಂದಿದ್ದ, ಬೆರಳಿಟ್ಟು ಓದುತ್ತಿದ್ದ, ಆಮೇಲೆ ಗಾಡಿಯ ಗಾಜಿಗೆ ನನ್ನ ನಕ್ಷೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಟಿಸಿಕೊಳ್ಳುತ್ತಿದ್ದನಂತೆ, ಬೇರೆಯವರು ಕಬ್ಬಿಣದ ಸಲಾಕೆ ಚುಚ್ಚಿ ನೆಲ ನೋಡುತ್ತಿದ್ದರೆ ಇವನು ನಗುತ್ತಿದ್ದನಂತೆ, ಏ, ಇದು ನಮ್ಮ ಭಾವ ಬರ್ದಿರೋದು, ಕಣ್ಮುಚ್ಕೊಂಡು ಬಕೆಟ್ ಇಳಿಸ್ಬೋದು. ಇಳಿಸಿದ. ತೊಟ್ಟಿಯ ಮೇಲಿನ ಚಪ್ಪಡಿ ಬಿಸ್ಕತ್ತಿನ ಹಾಗೆ ಮುರಿದು ಗಾಡಿ ಒಂದು ಪಕ್ಕಕ್ಕೆ ವಾಲಿತು, ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು, ನೋಡಲು ಹೋದಾಗ ಹೊದಿಕೆ ಒಂದು ಕಡೆ ಚಪ್ಪಟೆ ಇತ್ತು, ಅದನ್ನೇ ನೋಡುತ್ತ ನಿಂತಿದ್ದೆ, ಅವನೇ ನನ್ನನ್ನು ಸಮಾಧಾನ ಮಾಡಿದ, ಕೂತ್ಕೊಳ್ಳಿ ಭಾವ, ನಿಂತೇ ಇದೀರಲ್ಲ. ಸೈಟಿನವರು ಒಂದೇ ಮಾತು ಹಿಡಿದಿದ್ದಾರೆ, ನಕ್ಷೆಯಲ್ಲಿ ಇಲ್ಲದ ಗುಂಡಿಗೆ ನಾವೇನು ಮಾಡೋಣ, ಆಪರೇಟರೇ ಅಗೆತದ ಗಡಿ ಗೆರೆ ದಾಟಿ ಅಗೆದಿರಬೇಕು, ಲೈಸೆನ್ಸ್ ಕಿತ್ತುಕೊಳ್ತಾರೆ, ಬೇಜವಾಬ್ದಾರಿ ಅಂತ ಬರೀತಾರೆ, ಆ ಕಾಲಲ್ಲಿ ಅವನು ಇನ್ನು ಹೇಗೂ ಗಾಡಿ ಹತ್ತಲಾರ, ಆದರೆ ಹದಿಮೂರು ವರ್ಷ ಒಂದು ಗೋಡೆಗೂ ತಾಗಿಸದವನು ಅನ್ನುವ ಹೆಸರೊಂದು ಉಳಿದಿದೆ, ಅದೂ ಈಗ ನನ್ನ ಅರ್ಧ ಪುಟದ ಮೇಲೆ ನಿಂತಿದೆ.

ಮತ್ತೆ ಸೊನ್ನೆ. ಸುಮ್ಮನೆ ಓಡಿಸುತ್ತಿದ್ದೇನೆ, ನನಗೇ ಗೊತ್ತು, ಐದು ವಾರದ ಹಿಂದಿನ ಆ ಮಧ್ಯಾಹ್ನ ನೆನಪಿಗೆ ಬಾರದಿರಲಿ ಅಂತ ಓಡಿಸುತ್ತಿದ್ದೇನೆ, ಬಂದೇ ಬರುತ್ತದೆ ಅದು, ಕಾರ್ಖಾನೆಯ ಯಜಮಾನರು ಇದೇ ಕುರ್ಚಿಯ ಹಿಂದೆ ನಿಂತಿದ್ದರು, ಲವಂಗ ಅಗಿಯುತ್ತಿದ್ದರು, ಏನ್ರೀ ಇದು, ಹೊಸ ಕಟ್ಟಡ ತೋರ್ಸಿ ಅಂದ್ರೆ ಹಳೇ ಗುಂಡಿ ಚರಂಡಿ ಎಲ್ಲಾ ತುಂಬ್ಸಿದೀರಲ್ಲ, ಬ್ಯಾಂಕಿನವರಿಗೆ ತೋರ್ಸೋ ಹಾಳೆ, ನೀಟಾಗಿರ್ಲಿ — ನಕ್ಷೆ ಅಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳು, ಲೇಯರ್ ಅನ್ನುತ್ತೇವೆ, ಗೋಡೆಗೆ ಒಂದು, ಕಂಬಕ್ಕೆ ಒಂದು, ನೆಲದಡಿಯ ಹಳೆಯದಕ್ಕೆಲ್ಲ ಒಂದು, ಬೇಡದ್ದನ್ನು ಮರೆಮಾಡಲು ಎರಡು ದಾರಿ, ಹೆಸರಿನ ಮುಂದಿನ ದೀಪ ಆರಿಸಬಹುದು, ಇಲ್ಲವೇ ಪಕ್ಕದ ಸೂರ್ಯನನ್ನು ಒತ್ತಿದರೆ ಸೂರ್ಯ ಹೋಗಿ ಮಂಜಿನ ಹೂವು ಬರುತ್ತದೆ, ಲೇಯರ್ ಹೆಪ್ಪುಗಟ್ಟುತ್ತದೆ, ದೀಪ ಆರಿಸಿದ್ದು ಕಾಣದಿದ್ದರೂ ಎಲ್ಲವನ್ನೂ ಬಾಚಿ ಕಾಪಿ ಮಾಡಿದಾಗ ಜೊತೆಗೆ ಬರುತ್ತದೆ, ಹೆಪ್ಪುಗಟ್ಟಿದ್ದು ಬರುವುದಿಲ್ಲ, ಕೈಗೆ ಸಿಗುವುದೇ ಇಲ್ಲ, ಇದನ್ನು ಈ ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ಹೇಳಿಕೊಡುವವನು ಯಾರು, ನಾನು, ದೀಪ ಆರಿಸ್ರಪ್ಪಾ, ಮಂಜು ಮುಟ್ಟಬೇಡಿ, ಮರೆತುಬಿಡ್ತೀರ, ಅಂತ ಕಿವಿ ಹಿಂಡಿ ಹೇಳುವವನು ನಾನು, ಅವತ್ತು ಲವಂಗದ ವಾಸನೆ ಕತ್ತಿನ ಹಿಂದೆ, ಬೆರಳು ಎರಡು ಕೂದಲೆಳೆ ಆಚೆ ಹೋಯಿತು, ಒತ್ತಿದೆ, ಹಾಳೆ ನೀಟಾಯಿತು, ಹಾಂ, ಈಗ ನೋಡಿ, ಎಷ್ಟು ಚೆನ್ನಾಗಿದೆ ಅಂದರು, ನನಗೂ ಖುಷಿಯಾಯಿತು, ಥೂ. ಎರಡು ವಾರ ಬಿಟ್ಟು ಸೈಟ್ ಎಂಜಿನಿಯರಿನ ಫೋನು, ಡಾಕ್ಟ್ರೇ, ನೀವು ಕಳ್ಸಿದ ಫೈಲು ನಮ್ಮ ಕಂಪ್ಯೂಟರಲ್ಲಿ ಓಪನ್ನೇ ಆಗ್ತಿಲ್ಲ, ನಾಳೆ ಅಗೆತ ಶುರು, ಏನಾದ್ರೂ ಮದ್ದು ಕೊಡಿ, ನಾನು ಎದೆ ಉಬ್ಬಿಸಿಕೊಂಡು ನನ್ನ ಹಳೇ ಮದ್ದನ್ನೇ ಕೊಟ್ಟೆ, ಎಲ್ಲವನ್ನೂ ಒಟ್ಟಿಗೆ ಹಿಡಿ, ಕಾಪಿ ಮಾಡು, ಖಾಲಿ ಫೈಲಿನಲ್ಲಿ ಅದೇ ಜಾಗಕ್ಕೆ ಅಂಟಿಸು, ಹಳೇ ವರ್ಷನ್ನಿನಲ್ಲಿ ಉಳಿಸು, ಕಳಿಸು, ಐದು ನಿಮಿಷ, ಓಪನ್ ಆಯ್ತು ಡಾಕ್ಟ್ರೇ, ನಿಮ್ಮ ಕೈಗುಣ ಅಂದರೆ ಕೈಗುಣ.

ಇಲ್ಲ, ಇನ್ನೂ ಗೊತ್ತಿಲ್ಲ, ಸಾಹೇಬರು ಹೇಳಿದ್ದೇ ನಿಜವಿರಬಹುದು, ಹಳೇ ವರ್ಷನ್ನು ಓರೆ ಗೆರೆಗಳನ್ನು ನುಂಗಿರಬಹುದು, ಹಾಗೆ ಆಗಿದ್ದೂ ಉಂಟು, ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ, ಫೈಲಿನ ಇನ್ನೊಂದು ಪ್ರತಿ ಮಾಡಿಕೊಂಡೆ, ಕೊನೆಗೂ ಆ ಲೇಯರ್ ಪಟ್ಟಿ ತೆರೆದೆ, ಹನ್ನೊಂದು ಹೆಸರುಗಳ ಮುಂದೆ ಹನ್ನೊಂದು ಹಳದಿ ಸೂರ್ಯ, ಹನ್ನೆರಡನೆಯದರ ಮುಂದೆ ಮಂಜು, ಪ್ರತಿಯಲ್ಲಿ ಮಾತ್ರ ಮಂಜು ಕರಗಿಸಿದೆ, ಎಲ್ಲವನ್ನೂ ಬಾಚಿದೆ, ಕಾಪಿ, ಅಂಟಿಸು, ಹಳೇ ವರ್ಷನ್ನು, ಉಳಿಸು, ತೆರೆ, ಬರಬೇಡ, ದಯವಿಟ್ಟು ಬರಬೇಡ — ಬಂತು. ದುಂಡಗಿನ ತೊಟ್ಟಿ, ಮೂರು ಮೀಟರ್ ಅಡ್ಡಗಲ, ಒಂದೂ ಓರೆ ಗೆರೆ ತಪ್ಪದೆ, ಚಪ್ಪಡಿ ದುರ್ಬಲ ಅಂತ ನಾನೇ ಬರೆದ ಟಿಪ್ಪಣಿಯ ಸಮೇತ, ಅವನ ಬಕೆಟ್ ಎಲ್ಲಿ ಇಳಿಯಿತೋ ಅಲ್ಲೇ, ಕಾಪಿಯಲ್ಲಿ ದೋಷವಿಲ್ಲ, ವರ್ಷನ್ನಿನಲ್ಲಿ ದೋಷವಿಲ್ಲ, ಸೊನ್ನೆ ಅಂತ ಬೆಳಗಿನಿಂದ ಹೇಳುತ್ತಲೇ ಇತ್ತಲ್ಲ, ನಾನೇ ಕೇಳಿಸಿಕೊಳ್ಳಲಿಲ್ಲ.

ನಾಲ್ಕೂವರೆ, ಅಸಲು ಫೈಲಿನಲ್ಲಿ ಮಂಜು ಇನ್ನೂ ಹಾಗೇ ಇದೆ, ಈಗ ಇಲ್ಲೂ ಒಂದು ಸಲ ಒತ್ತಿ ಉಳಿಸಿದರೆ ಮುಗಿಯಿತು, ಸೂರ್ಯ ಬರುತ್ತದೆ, ನೋಡಿದವರಿಗೆ ನಮ್ಮ ನಕ್ಷೆಯಲ್ಲಿ ತೊಟ್ಟಿ ಮೊದಲಿನಿಂದ ಇತ್ತು, ಹೋಗುವ ದಾರಿಯಲ್ಲಿ ಬಿದ್ದುಹೋಯಿತು ಅಂತಲೇ ಕಾಣುತ್ತದೆ, ಯಾರ ತಪ್ಪೂ ಅಲ್ಲ, ಭಾಮೈದನದೂ ಅಲ್ಲ ನನ್ನದೂ ಅಲ್ಲ, ಇದರಲ್ಲಿ ಯಾರಿಗೆ ನಷ್ಟ ಹೇಳು, ಅವನ ಹೆಸರೂ ಉಳಿಯುತ್ತದೆ, ಕಾಪಿ ಡಾಕ್ಟ್ರ ಹೆಸರೂ, ವರದಿಯಲ್ಲಿ ಬರೆದಿದ್ದೇನೆ ಆಗಲೇ, ಫೈಲುಗಳ ಹೊಂದಾಣಿಕೆಯ ದೋಷದಿಂದಾಗಿ, ಅಲ್ಲಿಗೇ ನಿಂತಿದೆ, ಬಾಣವನ್ನು ಮಂಜಿನ ಮೇಲೆ ತಂದೆ, ಫೋನ್ ನಡುಗಿತು, ಇವಳು, ರೀ, ಕೇಳಿಸ್ತಿದೆಯಾ, ಸೈಟಿನವರು ಆಸ್ಪತ್ರೆಗೆ ಕಾಗದ ತಂದಿದ್ರು, ತಮ್ಮ ಸೈನ್ ಹಾಕ್ಬಿಟ್ಟ, ನಾನೇ ಗೆರೆ ದಾಟಿ ಅಗೆದೆ ಅಂತ, ಯಾಕೋ ಹೀಗ್ಮಾಡ್ದೆ ಅಂದ್ರೆ, ಅಕ್ಕಾ, ಭಾವನ ನಕ್ಷೆ ತಪ್ಪಾಗಕ್ಕೆ ಸಾಧ್ಯನೇ ಇಲ್ಲ, ಅದ್ರಲ್ಲಿ ಇಲ್ಲ ಅಂದ್ರೆ ಇಲ್ಲ, ನಂಗೇ ಅವತ್ತು ಕಣ್ಣು ಮಂಜಾಗಿರ್ಬೇಕು ಅಂತಾನೆ, ನಗ್ತಾನೆ ಕಣ್ರೀ, ನೀವು ತಲೆ ಕೆಡಿಸ್ಕೋಬೇಡಿ, ಊಟ ಮಾಡಿದ್ರಾ ಇಲ್ವಾ — ಹೂಂ ಅಂದೆ, ಮಾಡಿರಲಿಲ್ಲ, ಫೋನ್ ಇಟ್ಟೆ, ಬಾಣ ಅಲ್ಲೇ ಇದೆ, ಬೆರಳು ಅಲ್ಲೇ ಇದೆ, ಹೊಂದಾಣಿಕೆಯ ದೋಷದಿಂದಾಗಿ ಅನ್ನುವುದನ್ನು ಒಂದೊಂದೇ ಅಕ್ಷರವಾಗಿ ಅಳಿಸುತ್ತ ಬಂದೆ, ಹಾಳೆ ಖಾಲಿಯಾಯಿತು, ನಾನು ಎಂದು ಬರೆದೆ, ನಾನು, ಮುಂದಿನ ಪದ ಬರುತ್ತಿಲ್ಲ, ಬಾಗಿಲಲ್ಲಿ ಸಾಹೇಬರ ಚಪ್ಪಲಿಯ ಸದ್ದು, ಆಯ್ತೇನ್ರೀ ಡಾಕ್ಟ್ರೇ, ನಾನು, ಮಂಜು, ಹನ್ನೊಂದು ಸೂರ್ಯರ ಕೆಳಗೆ ಒಂದು, ಆರು ಎಸಳು, ನನ್ನ ಬೆರಳು ಇಟ್ಟದ್ದು, ಇಟ್ಟಲ್ಲೇ ಇದೆ, ಆರು ಎಸಳು