ಕಾಯಿಸದ ಹಲಗೆ

ಕೂಡ್ಲಿಗಿಯ ಅಂಗವಿಕಲರ ಶಿಬಿರದಲ್ಲಿ ಡಾಕ್ಟರು ಐದು ವರ್ಷದ ರಮಾಳ ಬೆನ್ನ ಹಿಂದೆ ಮೇಜು ಗುದ್ದಿದರು. ಮಗು ತಿರುಗಿತು. 'ಕೇಳಿಸುತ್ತದೆ' ಎಂದು ಬರೆದು ಕೈತೊಳೆದುಕೊಂಡರು. ಕೇಳಿಸದವರಿಗೆ ಕೊಡುವ, ಕಿವಿಗೆ ಹಾಕುವ ಮಿಷನ್ನಿನ ಪಟ್ಟಿಗೆ ಹೆಸರು ಸೇರಿಸುವುದು ಶನಿವಾರ ಮುಗಿಯುವುದಿತ್ತು. ಅದಿಲ್ಲದಿದ್ದರೆ ರಮಾಳಿಗೆ ಮಾತೂ ಇಲ್ಲ, ಶಾಲೆಯೂ ಇಲ್ಲ.

ಗುರುವಾರ ತಾಯಿ ಸುಂಕಮ್ಮ, ಹಲಗೆ ವಾದ್ಯ ಬಡಿಯುವ ತಂದೆ ದುರುಗಪ್ಪ ಎರಡು ಬಸ್ಸು ಬದಲಿಸಿ ದೊಡ್ಡ ಆಸ್ಪತ್ರೆಗೆ ಬಂದರು. ಕಿವಿ ಪರೀಕ್ಷಿಸುವ ಯಶೋಧಾ ಮಗುವಿಗೆ ನಿದ್ದೆಯ ಔಷಧಿ ಕುಡಿಸಿ, ಹಣೆಗೂ ಕಿವಿಯ ಹಿಂದೂ ವೈರು ಅಂಟಿಸಿದಳು. ಕಿವಿಗೆ ಸದ್ದು ಬಿಟ್ಟರೆ ಮಿದುಳಿನ ಉತ್ತರ ಪರದೆಯ ಮೇಲೆ ಅಲೆಯಾಗಿ ಏಳಬೇಕು. ಏಳಲಿಲ್ಲ.

"ಏನೂ ಕೇಳಂಗಿಲ್ಲಮ್ಮ. ಮಿಷನ್ ಹಾಕಿದ್ರೂ ಉಪಯೋಗ ಇಲ್ಲ."

ಡಾಕ್ಟರ ಪ್ರಕಾರ ರಮಾಳ ಕಿವಿ ನೆಟ್ಟಗಿತ್ತು, ಯಶೋಧಾಳ ಪ್ರಕಾರ ಕಿವಿಯೇ ಇರಲಿಲ್ಲ. ಮಿಷನ್ ಕೊಡಬಾರದು ಎಂಬುದರಲ್ಲಿ ಮಾತ್ರ ಇಬ್ಬರೂ ಒಂದೇ.

"ಆ ಸಪ್ಪಳ ನನಗೂ ಕೇಳಿಸ್ರಿ," ಎಂದಳು ಸುಂಕಮ್ಮ. ಯಶೋಧಾ ಹೆಡ್‌ಫೋನ್ ಕೊಟ್ಟಳು. ಟಿಕ್ ಟಿಕ್ ಟಿಕ್.

"ಇದು ಕಾಯ್ಸಿದ ಹಲಗಿ ಸಪ್ಪಳ!" ಎಂದು ಗಂಡನ ಕಡೆ ತಿರುಗಿದಳು.

"ಸುಮ್ನಿರು, ಮೇಡಮ್ಮೋರು ಓದಿದೋರು," ಎಂದ ದುರುಗಪ್ಪ.

"ಹಲಗಿ ಬಡಿಯೋನು ನೀನು. ಹೇಳಾಕ ನಿನಗೇನು ಬಾಯಿ ಬಿದ್ದೈತೇನು?"

ದುರುಗಪ್ಪ ನಿಂತಲ್ಲೇ ಹೇಳಿದ: "ಬೆಂಕಿಗೆ ಕಾಯ್ಸಿದ್ರ ಚರ್ಮ ಬಿಗೀತೈತ್ರಿ, ಟಣ್ ಅಂತೈತಿ. ಆಗ ಇಕಿ ತಿರುಗಿ ನೋಡಂಗಿಲ್ಲ. ಕಾಯ್ಸದಂಗ ಬಡದ್ರ ದಬ್ ದಬ್ ಅಂತೈತಿ, ಎಲ್ಲಿದ್ರೂ ಓಡಿ ಬರ್ತಾಳ."

"ನೆಲ ನಡುಗಿದ್ದು ಕಾಲಿಗೆ ಗೊತ್ತಾಗಿರ್ತೈತಿ," ಎಂದಳು ಯಶೋಧಾ.

"ಈಗ ನಿದ್ದಿಯಾಗ ಅದಾಳಲ್ರಿ," ಎಂದಳು ಸುಂಕಮ್ಮ, "ಕಿವಿಯಾಗಷ್ಟೇ ದಬ್ ಅನ್ನಿಸ್ರಿ. ಬೇಕಾದ್ರ ಕಾಲು ನಾ ಎತ್ತಿ ಹಿಡಕಂತೀನಿ."

ಯಶೋಧಾ ನಗಲಿಲ್ಲ. ಟಿಕ್ ಎಂಬ ಸದ್ದು ಹೆಚ್ಚಾಗಿ ಅಳೆಯುವುದು ಟಣ್ ಎನ್ನುವಂಥ ಏರುಸ್ವರ ಕೇಳುವುದನ್ನು. ದಬ್ ಎನ್ನುವಂಥ ತಗ್ಗುಸ್ವರಕ್ಕೆ ಬೇರೆ ಸದ್ದು ಬಿಡಬೇಕು, ಸಾವಿರಾರು ಸಲ ಬಿಟ್ಟು ಬಂದ ಉತ್ತರಗಳನ್ನು ಕೂಡಿಸಬೇಕು, ಗಂಟೆಗಟ್ಟಲೆ ಕೂರಬೇಕು. ಹೊರಗೆ ಸಾಲಿತ್ತು. ಅದಕ್ಕೇ ಯಾರಿಗೂ ಮಾಡುತ್ತಿರಲಿಲ್ಲ. ಅವಳು ಬಾಗಿಲು ಹಾಕಿ ಬಂದು ತಗ್ಗುಸ್ವರದ ಐನೂರು ಹರ್ಟ್ಜ್‌ಗೆ ಗುಂಡಿ ತಿರುಗಿಸಿದಳು.

ಎಂಬತ್ತು ಡೆಸಿಬಲ್ ಜೋರಿಗೆ ಅಲೆ ಎದ್ದಿತು. ಎಪ್ಪತ್ತಕ್ಕೆ ತಡವಾಗಿ ಎದ್ದಿತು. ಅರವತ್ತಕ್ಕೆ ಸಣ್ಣದೊಂದು ಉಬ್ಬು. ಮತ್ತೆ ಮಾಡಿದಳು, ಉಬ್ಬು ಅಲ್ಲೇ ಇತ್ತು. ಐವತ್ತಕ್ಕೆ ಇರಲಿಲ್ಲ. ಅಷ್ಟರಲ್ಲಿ ಮಗು ಮಿಸುಕಾಡಿತು.

ಯಶೋಧಾ ತಾನು ಮೊದಲು ಬರೆದಿಟ್ಟಿದ್ದ ಹಾಳೆ ಹರಿದು ಹೊಸದರಲ್ಲಿ ಬರೆದಳು: 'ತಗ್ಗುಸ್ವರದ ಶ್ರವಣ ಉಳಿದಿದೆ. ಮಿಷನ್ ಕೊಡತಕ್ಕದ್ದು.' ಸೀಲು ಹೊಡೆದಳು.

"ಏನು ಬರದ್ರಿ?" ಎಂದಳು ಸುಂಕಮ್ಮ.

"ನೀವು ಹೇಳಿದ್ದನ್ನೇ ಬರದೀನಿ."

ಸುಂಕಮ್ಮ ಹಾಳೆಯನ್ನು ಸೆರಗಿನಲ್ಲಿ ಸುತ್ತಿ ಮಗುವನ್ನು ಹೆಗಲಿಗೆ ಹಾಕಿಕೊಂಡಳು.

"ಹಂಗಾರ ಅವತ್ತೇ ಕೂಡ್ಲಿಗ್ಯಾಗ ಆ ಡಾಕ್ಟರು ನಮ್ಮನ್ನ ಒಂದು ಮಾತು ಕೇಳಿದ್ರ ಸಾಕಿತ್ತಲ್ರಿ."